ಮಲ್ಲಿಗೆಗೆ ನೀರು ನಿಲ್ಲಿಸಿದ ಚಳಿಗಾಲ

ನವೆಂಬರ್ ೧೨

ಮಲ್ಲಿಗೆಯನ್ನು ಬಾಯಾರಿಸಬೇಕು ಎಂಬ ಕಥೆಯನ್ನು ನಮ್ಮ ಮನೆಯಲ್ಲಿ ಮೊದಲು ಹೇಳಿದವಳು ಸೋದರತ್ತೆ. ಅಕ್ಕನಿಗೆ ಆಗ ಹತ್ತೋ ಹನ್ನೊಂದೋ, ನನಗೆ ಇನ್ನೂ ಹಾಲುಹಲ್ಲು. ಒಂದು ಸಂಜೆ ಕರೆಂಟು ಹೋಗಿತ್ತು. ಹಿತ್ತಿಲ ಮೆಟ್ಟಿಲ ಮೇಲೆ ಕೂತು ಹೇಳಿದಳು: ಒಬ್ಬ ಸಿರಿವಂತನ ಮನೆಯಲ್ಲಿ ಒಂದು ಮಲ್ಲಿಗೆ ಬಳ್ಳಿ ಇತ್ತಂತೆ. ಹೊತ್ತು ಹೊತ್ತಿಗೆ ನೀರು, ಹೊತ್ತು ಹೊತ್ತಿಗೆ ಗೊಬ್ಬರ. ಬಳ್ಳಿ ತಿಂದೂ ತಿಂದೂ ಕೊಬ್ಬಿತು. ಎಲೆ ನೋಡಿದರೆ ಅಂಗೈ ಅಗಲ. ಹೂವಿನ ಸುದ್ದಿ ಮಾತ್ರ ಕೇಳಬೇಡಿ. ಒಂದು ವರ್ಷ ಸಿರಿವಂತ ದೂರದ ಊರಿಗೆ ಹೋದ. ಆಳು ಮರೆತ. ಬಳ್ಳಿ ಬಾಯಾರಿತು, ಎಲೆ ಉದುರಿಸಿತು, ಇನ್ನೇನು ಸತ್ತೆ ಅಂದುಕೊಂಡಿತು. ಅಷ್ಟರಲ್ಲಿ ಮಳೆ ಬಂತು. ಬದುಕಿಬಿಟ್ಟೆನಲ್ಲ ಎಂದು ಬಳ್ಳಿ ಮೈಯೆಲ್ಲ ಮೊಗ್ಗಾಯಿತಂತೆ.

ನಾನು ಕಥೆ ಕೇಳಿ ಅತ್ತುಬಿಟ್ಟೆ. ಅಕ್ಕ ಕಥೆ ಕೇಳಿ ಕೆಲಸ ಕಲಿತಳು. ದೊಡ್ಡವಳಾದ ಮೇಲೆ ಪ್ರತಿ ಚಳಿಗಾಲ ಹಿತ್ತಿಲ ಗೋಡೆಯುದ್ದಕ್ಕೂ ಇರುವ ಮಲ್ಲಿಗೆಗೆ ನೀರು ನಿಲ್ಲಿಸುತ್ತಿದ್ದಳು. ಎಲೆ ಸೊರಗಿದ ಮೇಲೆ ಕತ್ತರಿಸಿ, ಬೇರು ಬಿಡಿಸಿ ಬಿಸಿಲಿಗೆ ಒಡ್ಡಿ, ಆಮೇಲೆ ಗೊಬ್ಬರ ಹಾಕಿ ಮುಚ್ಚಿ, ಒಂದೇ ಸಲ ಹೊಟ್ಟೆ ತುಂಬ ನೀರು ಹೊಯ್ಯುವಳು. ವಸಂತ ಇನ್ನೂ ಬೀದಿಯ ತಿರುವಿನಲ್ಲಿ ಇರುವಾಗಲೇ ನಮ್ಮ ಹಿತ್ತಿಲಲ್ಲಿ ಘಮಘಮ. ಬೇರೆಯವರ ಮಲ್ಲಿಗೆ ಆಗಿನ್ನೂ ಕಣ್ಣುಜ್ಜುತ್ತಿರುತ್ತಿತ್ತು.

ಅಕ್ಕ ಹೋಗಿ ಮೂರು ವಾರದ ಮೇಲಾಯಿತು. ಐವತ್ತೆಂಟನೇ ವಯಸ್ಸಿನಲ್ಲಿ ಮದುವೆಯಾಗಿ ಹೋದಳು. ನಾವಿಬ್ಬರೂ ಮದುವೆ ಬೇಡ ಎಂದು ಯಾವತ್ತೂ ತೀರ್ಮಾನ ಮಾಡಿದವರಲ್ಲ. ಮುಂದಿನ ಕೋಣೆಯ ಅಂಗಡಿಯಲ್ಲಿ ಪರದೆ ಹೊಲಿಯುತ್ತ ಹೊಲಿಯುತ್ತ ಆ ಮಾತು ಎಲ್ಲೋ ಹಿಂದೆ ಉಳಿದಿತ್ತು, ಅಷ್ಟೆ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದವರೊಬ್ಬರು ಪರದೆ ಬೇಕೆಂದು ಬಂದರು. ಎರಡೇ ಕಿಟಕಿಯ ಮನೆ. ಅಳತೆ ತಪ್ಪಿತು ಎಂದು ಮತ್ತೆ ಬಂದರು. ಬಣ್ಣ ಹೊಂದಲಿಲ್ಲ ಎಂದು ಮತ್ತೆ ಬಂದರು. "ಈ ಮನುಷ್ಯನ ಮನೇಲಿ ಕಿಟಕಿ ಬೆಳೀತಾ ಇರಬೇಕು ಕಣೇ" ಎಂದೆ ನಾನು. ಅಕ್ಕ ನಗಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು.

ಹೊರಡುವ ದಿನ ಗೇಟಿನ ಹತ್ತಿರ ನಿಂತು, "ಗಿಡದ ಗೊಡವೆಗೆ ಹೋಗಬೇಡ. ನಿನ್ನ ಕೈಲಿ ಆಗಲ್ಲ" ಎಂದಳು. "ನೀರು ನಿಲ್ಸೋಕೆ ಗುಂಡಿಗೆ ಬೇಕು."

"ನನಗಿಲ್ವಾ ಗುಂಡಿಗೆ?"

"ಬೆಕ್ಕು ಕೆಮ್ಮಿದ್ರೆ ಹಾಲು ಕಾಯಿಸೋಳು ನೀನು. ಸುಮ್ನಿರು. ನಾನಿಲ್ದೆ ಅದರಲ್ಲಿ ಒಂದು ಮೊಗ್ಗೂ ಬಿಡಲ್ಲ."

ಅದೆಲ್ಲಿತ್ತೋ ರೋಷ. "ಚಳಿ ಹೋಗೋ ಹೊತ್ತಿಗೆ ಅರಳಿಸ್ತೀನಿ ನೋಡ್ತಿರು. ಅರಳಿದ ದಿನ ನಾನೇ ಫೋನ್ ಮಾಡ್ತೀನಿ. ಅಲ್ಲೀತನಕ ನೀನೂ ಬರಬೇಡ, ನಿನ್ನ ಫೋನೂ ಬರಬೇಡ" ಎಂದುಬಿಟ್ಟೆ. ಕಂಡಕ್ಟರು ಎರಡೂ ಕೈಯಲ್ಲಿ ಚೀಲ ಹಿಡಿದು ಆಕಾಶ ನೋಡುತ್ತ ನಿಂತಿದ್ದರು. ಅವರನ್ನು ಭಾವ ಅನ್ನಬೇಕಂತೆ. ನನ್ನ ಬಾಯಲ್ಲಿ ಬರುವುದಿಲ್ಲ.

ಇವತ್ತು ನೀರು ನಿಲ್ಲಿಸಿದೆ. ಹೇಳಿಕೊಳ್ಳಲು ಯಾರೂ ಇಲ್ಲ, ಅದಕ್ಕೇ ಇಲ್ಲಿ ಬರೆದೆ.

ನವೆಂಬರ್ ೧೯

ಬಟ್ಟೆ ಮಡಿಸುವುದು ಎರಡು ಜನದ ಕೆಲಸ. ಇದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ, ಯಾಕೆಂದರೆ ನಾವು ಎರಡು ಜನ ಇದ್ದೆವು. ಈಗ ಆ ತುದಿಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಈ ತುದಿ ಎಳೆಯುತ್ತೇನೆ. ಇಸ್ತ್ರಿಪೆಟ್ಟಿಗೆಗೆ ನಾನು ಎಷ್ಟು ಎಳೆಯುತ್ತೇನೆ ಎಂಬುದು ಗೊತ್ತಾಗುವುದಿಲ್ಲ. ಒಂದೋ ಬಟ್ಟೆ ಸೊಟ್ಟ, ಇಲ್ಲ ಪೆಟ್ಟಿಗೆ ನೆಲಕ್ಕೆ. ಇವತ್ತು ಪೆಟ್ಟಿಗೆ ನೆಲಕ್ಕೆ.

ಹಿತ್ತಿಲ ಗೋಡೆಯ ಆಚೆಯ ಮನೆಗೆ ಬಾಡಿಗೆಯವರು ಬಂದಿದ್ದಾರೆ. ಗಂಡ ಹೆಂಡತಿ. ಗಂಡನ ಗಂಟಲು ಎಷ್ಟು ದೊಡ್ಡದೆಂದರೆ ಅವರು ಉಪ್ಪು ಕೇಳಿದರೆ ನನ್ನ ಕೈ ನನ್ನ ಉಪ್ಪಿನ ಡಬ್ಬದ ಕಡೆಗೆ ಹೋಗುತ್ತದೆ. ಫೈರ್ ಇಂಜಿನ್ ಓಡಿಸುತ್ತಿದ್ದವರಂತೆ, ಈಗ ನಿವೃತ್ತರು. ಬಾಗಿಲ ಹತ್ತಿರ ಹೋಗಿ ನಾನೇನೂ ಕೇಳಿಸಿಕೊಳ್ಳಲಿಲ್ಲ. ಅವರ ಮಾತೇ ಬಂದು ನಮ್ಮ ಅಡುಗೆಮನೆಯಲ್ಲಿ ಕೂತಿತು.

ಸಂಜೆ ಗೋಡೆಯ ಮೇಲೆ ಅವರ ತಲೆ ಕಾಣಿಸಿತು. "ಏನಮ್ಮಾ, ಗಿಡ ಬಾಡ್ತಾ ಇದೆಯಲ್ಲ?"

"ಬಾಡ್ಲಿ" ಎಂದು ಹೇಳಿ ಕಿಟಕಿ ಹಾಕಿಕೊಂಡೆ.

ನವೆಂಬರ್ ೨೮

ಎಲೆ ಹಳದಿಯಾಗುತ್ತಿದೆ. ಫೋನು ಹೊಡೆದುಕೊಂಡಿತು, ಅಕ್ಕನದೇ. ಎತ್ತಲಿಲ್ಲ. ನಿಂತೇ ಊಟ ಮಾಡಿದೆ. ತಟ್ಟೆ ಒಂದೇ ಇದ್ದರೆ ಕೂರಬೇಕು ಅನಿಸುವುದಿಲ್ಲ.

ಡಿಸೆಂಬರ್ ೫

ಕತ್ತರಿಸಿದೆ. ಬರೆಯುವುದು ಸುಲಭ. ಬೆಳಿಗ್ಗೆ ಕತ್ತರಿ ಹಿಡಿದು ನಿಂತವಳು ಬಹಳ ಹೊತ್ತು ಹಾಗೇ ನಿಂತಿದ್ದೆ. ಅಕ್ಕ ಆದರೆ ಕ್ಷೌರದವರ ಹಾಗೆ ಕಚಕಚ ಮುಗಿಸಿ ಕೈ ಕೊಡವಿ ಬಿಡುತ್ತಿದ್ದಳು. ನಾನು ಪ್ರತಿ ಕೊಂಬೆಗೂ ಮನಸ್ಸಿನಲ್ಲಿ ಒಂದು ಸಮಾಧಾನ ಹೇಳಿದೆ. ಅರ್ಧಕ್ಕೆ ಕತ್ತರಿಸಿ, ಉಳಿದ ಎಲೆಯನ್ನೆಲ್ಲ ಕೈಯಿಂದ ಸವರಿ ಕಿತ್ತೆ. ಆಮೇಲೆ ಬುಡದ ಮಣ್ಣು ಕೆದಕಿ ಬೇರು ಬಿಸಿಲಿಗೆ ಕಾಣುವಂತೆ ಬಿಟ್ಟೆ. ನೋಡಿದರೆ ಗಿಡವಲ್ಲ, ಯಾರೋ ಕಸ ಗುಡಿಸಿ ಒರಗಿಸಿಟ್ಟ ಪೊರಕೆಗಳ ಸಾಲು.

ಹೆಬ್ಬೆರಳು ಕೊಯ್ದುಕೊಂಡೆ. ಬಟ್ಟೆ ಸುತ್ತಿಕೊಂಡು ಬರುವಷ್ಟರಲ್ಲಿ ಮುಂಬಾಗಿಲು ತಟ್ಟಿದ ಸದ್ದು. ಹಿಂದಿನ ಮನೆಯಾಕೆ, ಕೈಯಲ್ಲಿ ಮುಲಾಮು.

"ನಮ್ಮ ಯಜಮಾನ್ರು ಗೋಡೆ ಮೇಲಿಂದ ನೋಡಿದ್ರಂತೆ, ಆ ಮನೆ ತಂಗಿ ಕೈ ಕೊಯ್ಕೊಂಡ್ರು ಅಂತ ಓಡಿಸಿದ್ರು ನನ್ನ. ಬೆಂಕಿ ಬಿದ್ದಿದೆ ಅಂತ ಹೇಳಿದ್ರೂ ನಾನು ಇಷ್ಟು ಬೇಗ ಬರ್ತಿರಲಿಲ್ಲ, ಬಿಡಿ. ಎಲ್ಲಿ, ಬೆರಳು ಕೊಡಿ."

ಬಾಗಿಲು ಅರ್ಧವೇ ತೆಗೆದಿದ್ದೆ. ಆ ಅರ್ಧದಲ್ಲೇ ಬೆರಳು ಚಾಚಿದೆ. ಮುಲಾಮು ಹಚ್ಚುತ್ತ ಮೆಲ್ಲಗೆ, "ಯಾರ ಮೇಲೋ ಸಿಟ್ಟಿದ್ರೆ ಗಿಡ ಏನು ಮಾಡೀತು ತಂಗೀ" ಎಂದರು.

ಸಿಟ್ಟಲ್ಲ, ಇದು ಹೂವಿಗೆ ಮಾಡುವ ಕೆಲಸ ಎಂದು ಹೇಳಬಹುದಿತ್ತು. ಹೇಳಲು ಹೋದರೆ ಅಕ್ಕನ ಕಥೆ ಹೇಳಬೇಕು. ಅದು ಹೇಳಿದರೆ ಗೇಟಿನ ಹತ್ತಿರದ ಮಾತು ಹೇಳಬೇಕು. "ಆಯ್ತು, ಬರ್ತೀನಿ" ಎಂದು ನಾನೇ ಅಂದೆ. ನನ್ನ ಮನೆಯ ಬಾಗಿಲಲ್ಲಿ ನಿಂತು ನಾನೇ ಬರ್ತೀನಿ ಎಂದೆ! ಮನುಷ್ಯರ ಜೊತೆ ಮಾತಾಡುವುದು ಇಷ್ಟು ಬೇಗ ಮರೆತುಹೋಗುತ್ತದೆಯೇ?

ಡಿಸೆಂಬರ್ ೧೪

ಬೆಳಿಗ್ಗೆ ಬುಡದ ಮಣ್ಣು ತಣ್ಣಗೆ, ಸ್ವಲ್ಪ ಕಪ್ಪಗೆ. ಇಬ್ಬನಿ ಜಾಸ್ತಿ ಬೀಳುತ್ತಿದೆ ಈ ವರ್ಷ.

ಡಿಸೆಂಬರ್ ೧೮

ಆಶ್ಚರ್ಯ! ಇನ್ನೂ ಗೊಬ್ಬರ ಹಾಕಿಲ್ಲ, ನೀರು ಕೊಟ್ಟಿಲ್ಲ, ಆಗಲೇ ಗೆಣ್ಣು ಗೆಣ್ಣಿನಲ್ಲಿ ಹಸಿರು ಚುಕ್ಕೆ. ಅಕ್ಕನ ಕೈಯಲ್ಲಿ ಇಷ್ಟು ಬೇಗ ಯಾವತ್ತೂ ಚಿಗುರಿದ್ದಿಲ್ಲ. ಮಾತು ಬಂದರೆ ಗಿಡವೇ ಫೋನ್ ಮಾಡಿ ಹೇಳುತ್ತಿತ್ತು ಅವಳಿಗೆ.

ಫೋನು ಇವತ್ತೂ ಬಂದಿತ್ತು. ಎತ್ತಲಿಲ್ಲ. ಹೂವು ಬಿಟ್ಟ ಮೇಲೆ ಎತ್ತಿದರೆ ಅದರ ರುಚಿಯೇ ಬೇರೆ.

ಡಿಸೆಂಬರ್ ೨೨

ನಾಟಕ ಆಡುವ ಸಭಾಂಗಣದ ದೊಡ್ಡ ಪರದೆಯ ಕೆಲಸ ಬಂದಿದೆ. ದಪ್ಪ ಕೆಂಪು ಬಟ್ಟೆ, ಒಂದೊಂದು ಪಟ್ಟಿಯೂ ಮಲಗಿದ ಆನೆಯ ಹಾಗೆ. ಇಸ್ತ್ರಿಪೆಟ್ಟಿಗೆಯ ಜೊತೆ ರುಬ್ಬುವ ಕಲ್ಲು ಇಟ್ಟೆ, ಅದಕ್ಕೂ ಬಗ್ಗಲಿಲ್ಲ. ಮಧ್ಯಾಹ್ನದವರೆಗೆ ಅದರ ಜೊತೆ ಕುಸ್ತಿ ಮಾಡಿ, ಕೊನೆಗೆ ಬಟ್ಟೆಯ ಮೇಲೆಯೇ ಕೂತು ಅತ್ತೆ. ಆಮೇಲೆ ಮುಖ ತೊಳೆದು ಹಿಂದಿನ ಮನೆಗೆ ಹೋದೆ.

"ಒಂದು ತುದಿ ಹಿಡ್ಕೊಳ್ತೀರಾ?"

"ಯಾವುದರ ತುದಿ?" ಎಂದರು ಆಕೆ. ಏನೆಂದು ಹೇಳುವ ಮೊದಲೇ ಸೆರಗು ಸಿಕ್ಕಿಸಿಕೊಂಡು ಹೊರಟಿದ್ದರು.

ಹಿಡಿಯುವುದಕ್ಕೆ ಕೈ ಚೆನ್ನಾಗಿದೆ. ಬಾಯಿ ಇನ್ನೂ ಚೆನ್ನಾಗಿದೆ. "ಜೀವಮಾನ ಪೂರ್ತಿ ಬೆಂಕಿ ಆರಿಸಿದ ಮನುಷ್ಯ. ಈಗ ನಾನು ಒಲೆ ಹಚ್ಚಿದ್ರೂ ಹಿಂದೆ ಬಂದು ನಿಂತ್ಕೋತಾರೆ. ಒಣಗಿದ್ದು ಏನು ಕಂಡ್ರೂ ಕೈ ತುರಿಸುತ್ತೆ ಅವರಿಗೆ. ಮೊನ್ನೆ ಹಪ್ಪಳದಂಗೆ ಒಣಗಿದ ಕಾಲೊರಸು ಬಿಸಿಲಿಗೆ ಹಾಕಿದ್ದೆ, ಅದಕ್ಕೂ ನೀರು ಹೊಡೆದಿದ್ದಾರೆ!"

ನಗು ಬಂತು. ನಕ್ಕ ಸದ್ದು ಕೇಳಿ ನನಗೇ ಗಾಬರಿ. ಮನೆಯಲ್ಲಿ ಬೇರೆ ಯಾರೋ ನಕ್ಕ ಹಾಗಾಯಿತು.

ಡಿಸೆಂಬರ್ ೨೯

ಬುಡಕ್ಕೆ ಗೊಬ್ಬರ ಹಾಕಿ, ಮಣ್ಣು ಮುಚ್ಚಿ, ಮೊದಲ ನೀರು ಕೊಟ್ಟೆ. ಗಿಡ ಬಿಕ್ಕುತ್ತ ಕುಡಿಯುತ್ತದೆ, ಮಣ್ಣಿನಿಂದ ಗುಳುಗುಳು ಗುಳ್ಳೆ ಏಳುತ್ತದೆ ಎನ್ನುತ್ತಿದ್ದಳು ಅಕ್ಕ. ಗುಳ್ಳೆ ಏಳಲಿಲ್ಲ. ನೀರು ಮೇಲೆಯೇ ನಿಂತಿತು, ಊಟವಾದ ಮೇಲೆ ಬಡಿಸಿದ ಹಾಗೆ.

ಜನವರಿ ೭

ಎಲೆ. ಎಲ್ಲಿ ನೋಡಿದರೂ ಎಲೆ. ಒಂದೊಂದು ಅಂಗೈ ಅಗಲ. ಮೊಗ್ಗು ಕಾಣದು. ಅತ್ತೆಯ ಕಥೆಯ ಸಿರಿವಂತನ ಬಳ್ಳಿಯೇ ನಮ್ಮ ಹಿತ್ತಿಲಿಗೆ ಬಂದು ನಿಂತಿದೆ. ಏನು ತಪ್ಪು ಮಾಡಿದೆ? ಕೇಳಬಹುದಾದವಳನ್ನು ಕೇಳುವ ಹಾಗಿಲ್ಲ.

ಜನವರಿ ೧೧

ಗೊತ್ತಾಯಿತು.

ಬೆಳಕು ಹರಿಯುವ ಮೊದಲು ಎಚ್ಚರವಾಯಿತು. ಹಿತ್ತಿಲಲ್ಲಿ ಹಾವು ಬುಸುಗುಟ್ಟಿದ ಹಾಗೆ ಸದ್ದು. ಬಾಗಿಲು ತೆಗೆದರೆ ಗೋಡೆಯ ಆಚೆ ಸ್ಟೂಲಿನ ಮೇಲೆ ಹಿಂದಿನ ಮನೆಯ ಯಜಮಾನರು, ನನ್ನ ಲೆಕ್ಕದಲ್ಲಿ ಬೆಂಕಿಯವರು, ತಲೆಗೆ ಮಫ್ಲರು, ಕೈಯಲ್ಲಿ ರಬ್ಬರ್ ಪೈಪು. ಅದರ ಬಾಯಿಗೆ ಹೆಬ್ಬೆರಳು ಒತ್ತಿ, ಛತ್ರಿ ಬಿಚ್ಚಿದ ಹಾಗೆ ನೀರು ಹಾರಿಸುತ್ತಿದ್ದಾರೆ, ನನ್ನ ಮಲ್ಲಿಗೆಯ ಮೇಲೆ. ಒಂದು ಬುಡವೂ ಬಿಡದೆ, ಈ ತುದಿಯಿಂದ ಆ ತುದಿಗೆ.

ನನ್ನನ್ನು ನೋಡಿ ಮುಖ ಅರಳಿತು. "ಎದ್ದುಬಿಟ್ರಾ? ನಿಮಗೆ ಗೊತ್ತಾಗಬಾರದು ಅಂತಿದ್ದೆ ತಂಗಿ. ನೋಡಿ, ಹೇಗಿದ್ದ ಗಿಡ ಹೇಗಾಯ್ತು! ಉಳೀತು!"

"ಯಾವಾಗಿಂದ?"

"ನೀವು ಬೇರು ಬಿಚ್ಚಿ ಹಾಕಿದ್ರಲ್ಲ, ಅವತ್ತಿಂದ. ನೋಡೋಕಾಗಲಿಲ್ಲಮ್ಮ. ದಿನಾ ಬೆಳಿಗ್ಗೆ ಒಂದು ಸುತ್ತು. ನೀವು ಎಷ್ಟು ಬೇಜಾರಲ್ಲಿದ್ದೀರೋ ಏನೋ, ಗಿಡ ಆದ್ರೂ..."

ಮುಂದೆ ಹೇಳಲು ಬಿಡಲಿಲ್ಲ. ನನ್ನ ಬಾಯಿಂದ ಏನೇನು ಬಂತೋ ಅದನ್ನು ಇಲ್ಲಿ ಬರೆಯಲಾರೆ. "ನಿಮ್ಮನ್ನ ಯಾರು ಕರೆದ್ರು" ಎಂಬುದು ಅದರಲ್ಲಿ ಎಲ್ಲಕ್ಕಿಂತ ಮೆತ್ತಗಿನದು. ಅವರು ಪೈಪಿನ ಬಾಯಿ ಮಡಚಿ ಹಿಡಿದು, ತಲೆ ತಗ್ಗಿಸಿ ಸ್ಟೂಲಿನಿಂದ ಇಳಿದರು. ಅಷ್ಟು ದೊಡ್ಡ ಗಂಟಲಿನಿಂದ ಒಂದು ಸದ್ದೂ ಬರಲಿಲ್ಲ.

ಬಾಯಾರಿಸಿದ್ದೆಲ್ಲ ವ್ಯರ್ಥವಾಯಿತು. ವಸಂತಕ್ಕೆ ಹೂವಿಲ್ಲ. ಅಕ್ಕನಿಗೆ ಫೋನ್ ಮಾಡುವ ದಿನವೂ ಇಲ್ಲ.

ಜನವರಿ ೧೨

ಅಂಗಡಿ ತೆಗೆಯಲಿಲ್ಲ. ಕೆಂಪು ಬಟ್ಟೆ ನೆಲದ ಮೇಲೆ ಬಿದ್ದಿದೆ.

ಜನವರಿ ೧೪

ಹಿಂದಿನ ಮನೆಯಲ್ಲಿ ಮಾತಿಲ್ಲ. ಉಪ್ಪನ್ನೂ ಮೆಲ್ಲಗೆ ಕೇಳುತ್ತಾರೆ ಅನಿಸುತ್ತದೆ. ಮೊದಲು ಆ ಸದ್ದು ನಿಲ್ಲಲಿ ಎಂದು ಬೇಡಿಕೊಂಡಿದ್ದೆ. ಈಗ ಗೋಡೆಯ ಈಚೆ ನಾನು ಚಮಚ ಕೆಳಗಿಟ್ಟರೂ ಇಡೀ ಮನೆ ಕೇಳಿಸಿಕೊಳ್ಳುತ್ತದೆ.

ಜನವರಿ ೧೭

ಬೆಂಕಿಯವರು ಮುಂಬಾಗಿಲಿಗೆ ಬಂದರು. ಶರ್ಟಿನ ಮೇಲಿನ ಗುಂಡಿಯವರೆಗೆ ಹಾಕಿಕೊಂಡು, ತಲೆಗೆ ಎಣ್ಣೆ ಬಳಿದು. ಬಗಲಲ್ಲಿ ಸುರುಳಿ ಸುತ್ತಿದ ಪೈಪು.

"ಇದು ನಿಮ್ಮ ಹತ್ರ ಇರ್ಲಿ. ನನ್ನ ಕೈ ನಂಬೋ ಹಾಗಿಲ್ಲ."

ತೆಗೆದುಕೊಳ್ಳಲೋ ಬೇಡವೋ ತಿಳಿಯದೆ ನಿಂತೆ. "ಒಂದು ಮಾತು ಕೇಳಿದ್ರೆ ಹೇಳ್ತಿದ್ದೆನಲ್ಲ" ಎಂದೆ.

"ಕೇಳಿದೆ ತಂಗಿ. ನೀವು ಕಿಟಕಿ ಹಾಕ್ಕೊಂಡ್ರಿ."

ಅದು ಚುಚ್ಚಬೇಕೆಂದು ಹೇಳಿದ ಮಾತಲ್ಲ. ಪೊಲೀಸರ ಹತ್ತಿರ ನಡೆದದ್ದು ಹೇಳುವ ಹಾಗೆ ಹೇಳಿದರು. ನಾನು ಬಾಗಿಲು ಪೂರ್ತಿ ತೆಗೆದೆ. ಕುರ್ಚಿಯ ಮೇಲಿದ್ದ ಬಟ್ಟೆ ಸರಿಸಿ ಕೂರಿಸಿದೆ. ಗಿಡವನ್ನು ಯಾಕೆ ಬಾಯಾರಿಸಬೇಕು, ಸಾಯುವ ಹೆದರಿಕೆ ಹುಟ್ಟಿದರೆ ಅದು ಹೇಗೆ ಹೂವಿಗೆ ಕೂರುತ್ತದೆ, ನಡುವೆ ನೀರು ಸಿಕ್ಕರೆ ಹೇಗೆ ನಿಶ್ಚಿಂತೆಯಾಗಿ ಎಲೆ ಬಿಟ್ಟುಕೊಂಡು ಕೂತುಬಿಡುತ್ತದೆ, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅಕ್ಕನ ವಿಷಯ, ಗೇಟಿನ ಮಾತು, ಅದೂ ಬಂತು.

ಅವರು ತೊಡೆಯ ಮೇಲಿನ ಪೈಪನ್ನು ಬಿಚ್ಚಿ ಮತ್ತೆ ಸುತ್ತಿದರು. "ನಮ್ಮ ಕೆಲಸದಲ್ಲಿ ಮೊದಲು ನೀರು ಹೊಡೀಬೇಕು, ಯಾಕೆ ಹೊತ್ಕೊಳ್ತು ಅಂತ ಆಮೇಲೆ ಕೇಳ್ಬೇಕು" ಎಂದರು. "ಅದೇ ಅಭ್ಯಾಸ ಆಗಿಹೋಗಿದೆ. ಈಗ ಏನು ಮಾಡೋದು?"

"ಏನಿಲ್ಲ. ಮತ್ತೆ ನೀರು ನಿಲ್ಸೋದು. ಎಲೆ ಸೊರಗಿದ ಮೇಲೆ ಮತ್ತೆ ಕತ್ತರಿಸೋದು. ಹೂವು ಬಂದ್ರೂ ಬಿಸಿಲು ಏರಿದ ಮೇಲೆ. ಅಷ್ಟು ಹೊತ್ತಿಗೆ ಊರಿಗೆಲ್ಲ ಮಲ್ಲಿಗೆ ಬಂದಿರುತ್ತೆ."

"ನಿಮ್ಮಕ್ಕನಿಗೆ ನಾನೇ ಹೇಳ್ತೀನಿ, ತಪ್ಪು ನಂದು ಅಂತ."

"ಬೇಡ" ಎಂದೆ. ಅಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ.

ಜನವರಿ ೨೫

ಹಿಂದಿನ ಮನೆ ಅಕ್ಕ ಬೆಳಿಗ್ಗೆಯೇ ಬಂದರು, ಕೆಂಪು ಬಟ್ಟೆಯ ಆ ತುದಿ ಹಿಡಿದರು. ನಾಲ್ಕು ಪಟ್ಟಿ ಆಯಿತು. ಊಟ ಅವರ ಮನೆಯಲ್ಲೇ, ಕೂತು.

ಫೆಬ್ರವರಿ ೮

ಎರಡನೇ ಸಲ ಕತ್ತರಿಸಿದೆ. ಎಲೆ ಕೀಳಲು ಬೆಂಕಿಯವರೂ ಕೂತರು, ಈಗ ಅವರನ್ನು ಅಣ್ಣ ಅನ್ನುತ್ತೇನೆ. "ಅಯ್ಯೋ ಪಾಪ, ಅಯ್ಯೋ ಪಾಪ" ಎನ್ನುತ್ತ ಒಂದೊಂದೇ ಎಲೆ ಕೀಳುವುದನ್ನು ನೋಡಲಾಗದೆ ಹಿಂದಿನ ಮನೆ ಅಕ್ಕ, "ಬಾಣಂತಿ ಕೂಸಿಗೆ ಸ್ನಾನ ಮಾಡಿಸ್ತಿದ್ದೀರಾ? ಕೀಳ್ರೀ ಗಟ್ಟಿಯಾಗಿ" ಎಂದು ಗದರಿದರು. ಎರಡು ಹಿತ್ತಿಲ ನಡುವಿನ ಗೇಟಿನ ಕೀಲಿಗೆ ಅಣ್ಣ ಎಣ್ಣೆ ಬಿಟ್ಟಿದ್ದಾರೆ. ಓಡಾಟ ಜಾಸ್ತಿಯಾಗಿ ಅದು ಕಿರುಗುಟ್ಟುತ್ತಿತ್ತು.

ಫೆಬ್ರವರಿ ೧೩

ಬರೆಯಲು ಪುರುಸೊತ್ತಿಲ್ಲ. ಪರದೆಗೆ ಅಂಚು ಬಾಕಿ.

ಫೆಬ್ರವರಿ ೧೯

ಅಕ್ಕನ ಫೋನು ಬಂದು ಬಹಳ ದಿನವಾಯಿತು. ನಮ್ಮಕ್ಕ. ನಾನೇ ಅಲ್ಲವೇ ಬೇಡ ಎಂದದ್ದು.

ಫೆಬ್ರವರಿ ೨೬

ಗಾಳಿ ಬದಲಾಗಿದೆ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗ ಚಳಿ ಮುಖಕ್ಕೆ ಹೊಡೆಯಲಿಲ್ಲ. ಬೀದಿಯ ಕೊನೆಯ ಮನೆಯಿಂದ ಮಲ್ಲಿಗೆಯ ಘಮ ಬಂತು. ಪ್ರತಿ ವರ್ಷ ಅವರು ನಮ್ಮ ಹಿತ್ತಿಲ ಕಡೆ ಮೂಗು ತಿರುಗಿಸಿ ನಿಲ್ಲುತ್ತಿದ್ದವರು. ಇವತ್ತು ನಾನು ಕಸದ ಡಬ್ಬ ಹಿಡಿದು ಅವರ ಮನೆಯ ಕಡೆ ನಿಂತೆ. ಪರಿಮಳ ಎಷ್ಟು ಚೆನ್ನಾಗಿತ್ತೋ ಅಷ್ಟು ಸಂಕಟವಾಯಿತು. ಅಕ್ಕನ ಊರಿನಲ್ಲೂ ಯಾರದೋ ಮನೆಯದು ಅರಳಿರುತ್ತದೆ. ಅವಳು ಮೂಗು ಎತ್ತಿ, ನನ್ನ ಫೋನು ಬರಲಿಲ್ಲ ಎಂದು ತಿಳಿದು, ಸುಮ್ಮನಾಗಿರುತ್ತಾಳೆ.

ಸಂಜೆ ಅಣ್ಣ ಒಂದು ಕುಂಡ ಹೊತ್ತು ತಂದರು. ನರ್ಸರಿಯಿಂದ ತಂದ ಮಲ್ಲಿಗೆ ಗಿಡ, ಮೈತುಂಬ ಹೂವು. ಕಣ್ಣು ಮಿಟುಕಿಸಿ, "ಸಾಲಿನ ನಡುವೆ ಹೂತುಬಿಡೋಣ. ಯಾರಿಗೆ ಗೊತ್ತಾಗುತ್ತೆ? ಫೋನ್ ಮಾಡಿ ಕರೀರಿ" ಎಂದರು.

ಒಂದು ಕ್ಷಣ ಗುದ್ದಲಿ ಎಲ್ಲಿದೆ ಎಂದು ಯೋಚಿಸಿದೆ. ಸುಳ್ಳೇಕೆ? ಒಂದು ಕ್ಷಣ ಅಲ್ಲ, ಚಹಾ ಮುಗಿಯುವವರೆಗೆ ಯೋಚಿಸಿದೆ.

"ನಮ್ಮಕ್ಕ ಎಲೆ ನೋಡಿ ಯಾರ ಮನೆ ಗಿಡ ಅಂತ ಹೇಳ್ತಾಳೆ ಅಣ್ಣ. ಇದನ್ನ ನಿಮ್ಮ ಕಡೆ ಇಟ್ಕೊಳ್ಳಿ" ಎಂದೆ.

"ಅವರಿಗೆ ಗೊತ್ತಾಗದೆ ಇದ್ದಿದ್ರೆ ಇಡ್ತಿದ್ರಾ?" ಎಂದರು ಹಿಂದಿನ ಮನೆ ಅಕ್ಕ, ನಗುತ್ತ.

ನಾನು ಚಹಾ ಲೋಟ ಎತ್ತಿಕೊಂಡು ಒಳಗೆ ಹೋದೆ. ಕುಂಡ ಗೋಡೆಯ ಆಚೆ ಇದೆ. ಘಮ ಮಾತ್ರ ಈಚೆಗೂ ಬರುತ್ತಿದೆ.

ಫೆಬ್ರವರಿ ೨೮

ಫೋನ್ ಮಾಡಿದೆ. ಬೆಳಗಿನಿಂದ ಏನು ಹೇಳಬೇಕು ಎಂದು ಹೊಲಿಗೆ ಹಾಕುತ್ತ ಹಾಕುತ್ತ ಕಲಿತುಕೊಂಡಿದ್ದೆ. "ಹಲೋ" ಎಂದ ಅವಳ ದನಿ ಕೇಳಿದ ಕೂಡಲೇ ಎಲ್ಲ ಉದುರಿಹೋಯಿತು.

"ಹೂವು ಬಿಡ್ಲಿಲ್ಲ" ಎಂದೆ.

"ಒಂದೂ?"

"ಒಂದೂ."

"ಮತ್ತೆ ಯಾಕೆ ಫೋನ್ ಮಾಡ್ದೆ?"

"ಬಿಡ್ಲಿಲ್ಲ ಅಂತ ಹೇಳೋಕೆ."

ಮೂಗು ಒರೆಸಿಕೊಂಡ ಸದ್ದು. ಆಮೇಲೆ, "ಕತ್ತೆ. ದಿನಾ ಫೋನ್ ಪಕ್ಕದಲ್ಲಿಟ್ಕೊಂಡು ಅಡುಗೆ ಮಾಡಿ ಎಷ್ಟು ಸಲ ತಳ ಹಿಡಿಸಿದ್ದೀನಿ ಗೊತ್ತಾ? ಇವರು ಒಂದು ಮಾತೂ ಆಡದೆ ತಿಂದ್ರು, ಪಾಪ."

"ನೀನ್ಯಾಕೆ ಫೋನ್ ಮಾಡೋದು ನಿಲ್ಲಿಸ್ದೆ?"

"ನೀನು ಎತ್ತಲ್ವಲ್ಲ. ಎತ್ತದೇ ಇರೋ ಫೋನಿನ ಸದ್ದು ಈ ಕಡೆ ಹೇಗೆ ಕೇಳುತ್ತೆ ಅಂತ ನಿನಗೇನು ಗೊತ್ತು."

ಅದು ನನಗೆ ಹೊಳೆದೇ ಇರಲಿಲ್ಲ. ಈ ಮನೆಯಲ್ಲಿ ಉಳಿದವಳು ನಾನು, ಆದ್ದರಿಂದ ಒಂಟಿತನವೂ ನನಗೊಬ್ಬಳಿಗೇ ಸಂಬಂಧಪಟ್ಟದ್ದು ಎಂದುಕೊಂಡಿದ್ದೆ.

ಮಾರ್ಚ್ ೩

ಅಕ್ಕ, ಭಾವ ಮಧ್ಯಾಹ್ನದ ಬಸ್ಸಿಗೆ ಬಂದರು. ನಾಳೆ ಬೆಳಗಿನ ಬಸ್ಸಿಗೇ ವಾಪಸು. ಭಾವ ಹೋಗುವ ಟಿಕೆಟ್ಟನ್ನೂ ಮೊದಲೇ ತೆಗೆಸಿಟ್ಟುಕೊಂಡೇ ಬಂದಿದ್ದಾರೆ. ಇಷ್ಟು ವರ್ಷ ಬೇರೆಯವರಿಗೆ ಹರಿದುಕೊಟ್ಟವರು, ತಮ್ಮ ಜೇಬಿನಲ್ಲಿ ಒಂದಿಲ್ಲದಿದ್ದರೆ ನಿದ್ದೆ ಬರುವುದಿಲ್ಲವಂತೆ.

ಅಕ್ಕ ಚಪ್ಪಲಿ ಬಿಟ್ಟವಳೇ ನೇರ ಹಿತ್ತಿಲಿಗೆ ಹೋದಳು. ಬೋಳು ಗಿಡಗಳ ಮುಂದೆ ನಿಂತಳು. ನಾನು ಬೈಗುಳಕ್ಕೆ ತಯಾರಾಗಿ ಹಿಂದೆ ನಿಂತಿದ್ದೆ. ಒಂದು ಕೊಂಬೆಯನ್ನು ಉಗುರಿನಿಂದ ಕೆರೆದು ಒಳಗಿನ ಹಸಿರು ನೋಡಿದಳು, ಕತ್ತರಿಸಿದ ಕಡೆ ಬೆರಳಾಡಿಸಿದಳು.

ಸಂಜೆ ಹಿಂದಿನ ಮನೆಯವರೂ ಬಂದರು. ಮೆಟ್ಟಿಲ ಮೇಲೆ ಅಕ್ಕ, ಭಾವ. ಬಾಗಿಲ ಹತ್ತಿರ ಕುರ್ಚಿಯಲ್ಲಿ ಹಿಂದಿನ ಮನೆ ಅಕ್ಕ. ಅಣ್ಣ ಎಲ್ಲಿ ಕೂರಬೇಕೆಂದು ತಿಳಿಯದೆ ತಪ್ಪಿತಸ್ಥನ ಹಾಗೆ ಗೋಡೆಗೆ ಒರಗಿ ನಿಂತರು. "ಏನಾಯ್ತು ಅಂತ ಹೇಳು" ಎಂದಳು ಅಕ್ಕ. ನಾನು ಮೊದಲಿನಿಂದ ಹೇಳಿದೆ. ಇಸ್ತ್ರಿಪೆಟ್ಟಿಗೆ ನೆಲಕ್ಕೆ ಬಿದ್ದದ್ದು, ಇಬ್ಬನಿ ಎಂದುಕೊಂಡದ್ದು, ನನ್ನ ಕೈಗುಣ ಎಂದು ಹಿಗ್ಗಿದ್ದು. ಸ್ಟೂಲಿನ ಮೇಲೆ ಹತ್ತಿ, ಅಣ್ಣ ಪೈಪು ಹಿಡಿದ ಹಾಗೆ ಹೆಬ್ಬೆರಳು ಒತ್ತಿ ತೋರಿಸಿದೆ. "ಉಳೀತು!" ಎಂದು ಅವರ ಗಂಟಲಿನಲ್ಲೇ ಕೂಗಿದೆ. ಭಾವ ಕಣ್ಣೊರಸಿಕೊಂಡು ನಕ್ಕರು. ಅಣ್ಣನಿಗೇ ಎಲ್ಲರಿಗಿಂತ ಜಾಸ್ತಿ ನಗು. ನಕ್ಕೂ ನಕ್ಕೂ ಅವರು ಕೊನೆಗೆ ಕೂತರು.

ಅಕ್ಕ ಮಾತ್ರ ನನ್ನನ್ನೇ ನೋಡುತ್ತಿದ್ದಳು. "ಇಷ್ಟು ಮಾತು ಯಾವಾಗ ಕಲಿತೆ ನೀನು?"

"ನೀನು ಮಾತಾಡೋಕೆ ಬಿಡ್ತಿದ್ದದ್ದು ಯಾವಾಗ?" ಎಂದೆ. ತಮಾಷೆಗೆ. ಅವಳೂ ನಕ್ಕಳು, ಸ್ವಲ್ಪ ತಡವಾಗಿ.

ಆಮೇಲೆ ಅಡುಗೆಮನೆಯಲ್ಲಿ ಕಪಾಟಿಗೆ ಕೈ ಹಾಕಿ ತಡಕಾಡಿದಳು. "ಸಕ್ಕರೆ ಡಬ್ಬ ಇಲ್ಲಿತ್ತಲ್ಲ?"

"ಅಕ್ಕ ಕೆಳಗಿಟ್ಟಿದ್ದಾರೆ, ಕೈಗೆ ಸಿಗಲಿ ಅಂತ."

"ಯಾವ ಅಕ್ಕ?"

ತೋರಿಸಿದೆ. ಅವಳು ಬಾಗಿಲಿನಾಚೆ ಒಮ್ಮೆ ನೋಡಿ, ಕೆಳಗಿನ ಕಪಾಟಿನಿಂದ ಡಬ್ಬ ತೆಗೆದುಕೊಂಡಳು. "ಒಳ್ಳೇದೇ ಆಯ್ತು" ಎಂದಳು. ಸಕ್ಕರೆ ಹಾಕಿದ ಲೋಟವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕದಡಿದಳು. ಪ್ರಯಾಣದ ದಣಿವಿರಬೇಕು.

ಮಾರ್ಚ್ ೪

ನಾನು ಏಳುವ ಮೊದಲೇ ಎಲ್ಲರೂ ಹಿತ್ತಿಲಲ್ಲಿದ್ದರು. ಗೋಡೆಯ ಮೇಲೆ ಅಣ್ಣನ ತಲೆ, ಪಕ್ಕದಲ್ಲಿ ಹಿಂದಿನ ಮನೆ ಅಕ್ಕನ ತಲೆ. ಈಚೆ ಭಾವ, ಕೈಯಲ್ಲಿ ಕಟ್ಟಿದ ಚೀಲ. ಅಕ್ಕ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು.

"ನೀರು ಯಾವಾಗ ಕೊಡೋದು?" ಎಂದು ಅಣ್ಣ ಕೇಳಿದರು. ಅವರ ಮಟ್ಟಿಗೆ ಅದು ಪಿಸುಮಾತು.

"ಇನ್ನೂ ಬೇಡ" ಎಂದಳು ಅಕ್ಕ. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದಳು. "ಬೇಡ, ಅಲ್ವಾ?"

ಬಗ್ಗಿ ಮಣ್ಣು ಹಿಡಿದು ನೋಡಿದೆ. ಬೆರಳಿನ ನಡುವೆ ಪುಡಿಯಾಯಿತು, ಆದರೆ ಒಳಗೆ ಇನ್ನೂ ತಂಪಿತ್ತು. "ಇನ್ನೆರಡು ದಿನ ಹೋಗ್ಲಿ" ಎಂದೆ.

ಎರಡು ದಿನವಂತೆ ಎಂದು ಹಿಂದಿನ ಮನೆ ಅಕ್ಕ ಗಂಡನನ್ನು ಒಳಗೆ ಕರೆದುಕೊಂಡು ಹೋದರು. ಅಕ್ಕ ಎದ್ದು ಸೀರೆಯ ಮಣ್ಣು ಕೊಡವಿದಳು.

"ಕೇಳಿಸ್ತಾ? ಎರಡು ದಿನ ಅಂತೆ" ಎಂದಳು ಭಾವನಿಗೆ.

ಭಾವ ಚೀಲ ಕೆಳಗಿಟ್ಟು, ಚಹಾವನ್ನೂ ಕುಡಿಯದೆ, ಟಿಕೆಟ್ ಬದಲಾಯಿಸಲು ಬಸ್ ನಿಲ್ದಾಣಕ್ಕೆ ಹೋದರು.